ಎದೆ ತೆರೆಯುವ ಮುನ್ನ, ಮೂಳೆ ಕೂಡುವ ತನಕ

ಆಂಜಿಯೋಗ್ರಾಂ ಮುಗಿಸಿದ ಡಾಕ್ಟರು ಮನೆಯವರನ್ನು ಒಳಗೆ ಕರೆದು, ‘ಮೂರು ರಕ್ತನಾಳದಲ್ಲೂ ಬ್ಲಾಕ್ ಇದೆ, ಬೈಪಾಸ್ ಮಾಡಿಸುವುದು ಒಳ್ಳೆಯದು’ ಎಂದ ಕೂಡಲೇ ಹುಟ್ಟುವ ಪ್ರಶ್ನೆಗಳು ಬೀದರಿನವರದಾಗಲಿ ಮಡಿಕೇರಿಯವರದಾಗಲಿ, ಹೆಚ್ಚುಕಡಿಮೆ ಒಂದೇ. ಯಾವ ಆಸ್ಪತ್ರೆ, ಯಾವ ಡಾಕ್ಟರು, ಎಷ್ಟು ಖರ್ಚು, ಆಪರೇಷನ್ ಎಷ್ಟು ಹೊತ್ತು? ಸ್ಟೆಂಟ್ ಹಾಕಿದರೆ ಸಾಲದೇ ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇನ್ನೆರಡು ಪ್ರಶ್ನೆಗಳು ಯಾರ ಬಾಯಲ್ಲೂ ಬರುವುದು ಅಪರೂಪ. ಆಪರೇಷನ್‌ಗೆ ಮುಂಚಿನ ದಿನಗಳಲ್ಲಿ ನಾವು ಮಾಡಬೇಕಾದ್ದೇನು? ಮನೆಗೆ ಬಂದ ಮೇಲಿನ ಮೂರು ತಿಂಗಳು ಹೇಗಿರಬೇಕು?

ಥಿಯೇಟರಿನೊಳಗಿನ ನಾಲ್ಕೈದು ಗಂಟೆ ಸರ್ಜನ್ನರ ಕೈಯಲ್ಲಿರುತ್ತದೆ, ಅರಿವಳಿಕೆ ತಜ್ಞರ ಕೈಯಲ್ಲಿರುತ್ತದೆ. ಅಲ್ಲಿ ನಾವು ಮಾಡುವಂಥದ್ದು ಏನೂ ಇಲ್ಲ. ಅದರ ಹಿಂದಿನ ಒಂದೆರಡು ವಾರ, ಮುಂದಿನ ಹನ್ನೆರಡು ವಾರ ಮಾತ್ರ ಪೂರ್ತಿಯಾಗಿ ರೋಗಿಯ ಮತ್ತು ಮನೆಯವರ ಪಾಲಿನವು. ಆ ದಿನಗಳಲ್ಲಿ ಕಾಯುವುದು, ಮಲಗಿಸುವುದು, ತಿನ್ನಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಒಳ್ಳೆಯ ಆಪರೇಷನ್ ಆದ ಮೇಲೂ ಸೊರಗುವವರನ್ನು ಕಂಡಾಗ ನನಗೆ ನೋವಾಗುವುದು ಈ ಕಾರಣಕ್ಕೇ.

ಮೊದಲು ಸ್ಟೆಂಟ್ ಪ್ರಶ್ನೆ. ಎದೆ ಕೊಯ್ಯದೆ ಆಗುವ ಕೆಲಸವಿರುವಾಗ ಕೊಯ್ಯಿಸಿಕೊಳ್ಳುವುದೇಕೆ ಎಂದು ಅನ್ನಿಸುವುದು ಸಹಜ. ಒಂದೆರಡು ಕಡೆ ಬ್ಲಾಕ್ ಇದ್ದಾಗ ಬಹುಪಾಲು ಸ್ಟೆಂಟೇ ಸಾಕು. ಆದರೆ ಸಕ್ಕರೆ ಕಾಯಿಲೆ ಇದ್ದು, ಹಲವು ರಕ್ತನಾಳಗಳು ಕಟ್ಟಿಕೊಂಡವರ ಲೆಕ್ಕ ಬೇರೆ. ಅಂಥ 1900 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಟೆಂಟ್, ಇನ್ನೊಂದಕ್ಕೆ ಬೈಪಾಸ್ ಮಾಡಿ ನೋಡಿದ ಫ್ರೀಡಂ ಎಂಬ ಅಧ್ಯಯನದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಐದು ವರ್ಷದೊಳಗೆ ತೀರಿಕೊಂಡವರು ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ 16.3, ಬೈಪಾಸ್ ಗುಂಪಿನಲ್ಲಿ 10.9. ಅದೇ ಅಧ್ಯಯನದಲ್ಲಿ ಪಾರ್ಶ್ವವಾಯು ಬೈಪಾಸ್ ಆದವರಲ್ಲೇ ಹೆಚ್ಚು ಕಂಡಿತು, 2.4ರ ಎದುರು 5.2. ಎರಡೂ ಅಂಕಿಗಳನ್ನು ಒಟ್ಟಿಗೆ ನೋಡಿದರೆ ಡಾಕ್ಟರು ಯಾಕೆ ಆಪರೇಷನ್ ಹೇಳುತ್ತಾರೆ, ಹಾಗೆ ಹೇಳುವ ಮುನ್ನ ಕುತ್ತಿಗೆಯ ರಕ್ತನಾಳದ ಡಾಪ್ಲರ್ ಯಾಕೆ ಮಾಡಿಸುತ್ತಾರೆ ಎಂಬುದೆರಡೂ ಅರ್ಥವಾಗುತ್ತವೆ. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಮ್ಮ ನಾಡಿಗೆ ಇದು ದೂರದ ಮಾತಲ್ಲ.

ಆಪರೇಷನ್ನಿನಲ್ಲಿ ಆಗುವುದು ಇಷ್ಟು. ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ ತೆರೆಯುತ್ತಾರೆ. ಎದೆಗೋಡೆಯ ಒಳಮೈಯಲ್ಲಿ ಹರಿಯುವ ಒಂದು ಅಪಧಮನಿಯನ್ನು ಬಿಡಿಸಿ, ಹೃದಯದ ಮುಂಭಾಗದ ಮುಖ್ಯ ರಕ್ತನಾಳಕ್ಕೆ, ಬ್ಲಾಕ್ ದಾಟಿದ ಜಾಗದಲ್ಲಿ ಹೊಲಿಯುತ್ತಾರೆ. ಉಳಿದ ಕಡೆಗೆ ಕಾಲಿನಿಂದ ತೆಗೆದ ಅಭಿಧಮನಿಯನ್ನೋ ಮುಂಗೈಯ ಅಪಧಮನಿಯನ್ನೋ ಜೋಡಿಸುತ್ತಾರೆ. ಕೊನೆಗೆ ಮೂಳೆಯ ಎರಡು ಹೋಳುಗಳನ್ನು ಸೇರಿಸಿ ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ಅರ್ಜೆಂಟೀನಾದ ರೆನೆ ಫವಲೋರೊ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1967ರಲ್ಲಿ ಕಾಲಿನ ರಕ್ತನಾಳ ಬಳಸುವ ಈ ಬಗೆಯನ್ನು ರೂಢಿಗೆ ತಂದರು. ಭಾರತದಲ್ಲಿ ಮೊದಲ ಬೈಪಾಸ್ ಮಾಡಿದ್ದು 1975ರಲ್ಲಿ, ಮದ್ರಾಸಿನ ಪೆರಂಬೂರ್ ರೈಲ್ವೆ ಆಸ್ಪತ್ರೆಯಲ್ಲಿ, ಡಾ. ಕೆ.ಎಂ. ಚೆರಿಯನ್. ಇಂದು ನಮ್ಮ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನ ಜೊತೆಗೆ ಮೈಸೂರು, ಕಲಬುರಗಿಯಲ್ಲೂ ಇದೆ. ಖಾಸಗಿ ಆಸ್ಪತ್ರೆಗಳೂ ಜಿಲ್ಲೆಗಳಿಗೆ ಬಂದಿವೆ. ತಂತ್ರ ಹತ್ತಿರ ಬಂದಿದೆ, ಅದರ ಹಿಂದುಮುಂದಿನ ತಿಳಿವಳಿಕೆ ಮಾತ್ರ ಅಷ್ಟು ಹತ್ತಿರ ಬಂದಿಲ್ಲ.

ಹೃದಯದ ಎಡಬದಿಯ ಮೂಲನಾಳವೇ ಕಟ್ಟಿದ್ದರೆ, ಎದೆನೋವು ನಿಲ್ಲುತ್ತಲೇ ಇಲ್ಲದಿದ್ದರೆ ಕಾಯುವ ಮಾತೇ ಇಲ್ಲ. ಆಸ್ಪತ್ರೆಯಲ್ಲೇ ಇಟ್ಟುಕೊಂಡು ಆಪರೇಷನ್ ಮಾಡುತ್ತಾರೆ. ಇಲ್ಲವಾದರೆ ಸಾಮಾನ್ಯವಾಗಿ ಕೆಲವು ದಿನವೋ ವಾರವೋ ಸಿಗುತ್ತದೆ. ಆ ದಿನಗಳು ಬರೀ ದುಡ್ಡು ಹೊಂದಿಸುವುದರಲ್ಲಿ, ಶಿಫಾರಸು ಹುಡುಕುವುದರಲ್ಲಿ ಕಳೆದುಹೋಗುತ್ತವೆ. ದುಡ್ಡಿನ ವಿಷಯ ಚಿಕ್ಕದೇನಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಜೀವ ಪಡೆದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರಿಗಿದೆ. ಮನೆಯಲ್ಲಿ ಒಬ್ಬರು ಈ ಕಾಗದಪತ್ರದ ಓಡಾಟವನ್ನು ವಹಿಸಿಕೊಳ್ಳಲಿ. ಇನ್ನೊಬ್ಬರು ರೋಗಿಯ ಜೊತೆ ಕೂತು ಆಪರೇಷನ್‌ಗೆ ಅಣಿ ಮಾಡಲಿ.

ಅಣಿ ಮಾಡುವುದೆಂದರೆ ಮೊದಲ ಕೆಲಸ, ರೋಗಿ ನುಂಗುತ್ತಿರುವ ಪ್ರತಿಯೊಂದು ಮಾತ್ರೆಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಡುವುದು. ಹೆಸರು ಹೇಳಿದರೆ ಸಾಲದು, ಚೀಟಿ ತೋರಿಸಿದರೂ ಸಾಲದು. ಕ್ಲೋಪಿಡೋಗ್ರೆಲ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಸಾಮಾನ್ಯವಾಗಿ ಐದು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಆಸ್ಪಿರಿನ್ ಹೆಚ್ಚಾಗಿ ಮುಂದುವರಿಯುತ್ತದೆ. ಸಕ್ಕರೆ ಕಾಯಿಲೆಗೆ ಈಚೆಗೆ ಬಹಳ ಜನ ತೆಗೆದುಕೊಳ್ಳುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಮೂರು ದಿನ ಮುಂಚೆ ಬಿಡಿಸುತ್ತಾರೆ, ಇಲ್ಲವಾದರೆ ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯವಿದೆ. ಯಾವುದನ್ನು ಬಿಡಬೇಕು, ಯಾವಾಗ ಬಿಡಬೇಕು ಎಂಬುದನ್ನು ಡಾಕ್ಟರೇ ಹೇಳಬೇಕು. ಪಕ್ಕದ ಮನೆಯವರ ಅನುಭವ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಾಟಿ ಔಷಧ, ಕಷಾಯ, ಬೆಳ್ಳುಳ್ಳಿ ಕ್ಯಾಪ್ಸೂಲ್ ಕೂಡ ಆ ಚೀಲದಲ್ಲಿರಲಿ. ಡಾಕ್ಟರು ಬೈಯುತ್ತಾರೆಂದು ಮುಚ್ಚಿಡುವವರೇ ಹೆಚ್ಚು. ಬೈಸಿಕೊಂಡರೂ ಚಿಂತೆಯಿಲ್ಲ, ಥಿಯೇಟರಿನಲ್ಲಿ ರಕ್ತ ನಿಲ್ಲದೆ ಹೋಗಬಾರದು.

ಎರಡನೆಯದು ಹೊಗೆಸೊಪ್ಪು. ಬೀಡಿ ಸಿಗರೇಟು ಬಿಡಬೇಕೆಂದು ಎಲ್ಲರಿಗೂ ಗೊತ್ತು. ಎಲೆ-ಅಡಿಕೆ ಜೊತೆ ಹಾಕಿಕೊಳ್ಳುವ ಕಡ್ಡಿಪುಡಿಯನ್ನು ಮಾತ್ರ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹೆಂಗಸರಂತೂ ಅದನ್ನು ಚಟವೆಂದೇ ಎಣಿಸುವುದಿಲ್ಲ. ಹೊಗೆಯಲ್ಲಿ ಹೋದರೂ ರಸದಲ್ಲಿ ಹೋದರೂ ನಿಕೋಟಿನ್ ನಿಕೋಟಿನ್ನೇ. ರಕ್ತನಾಳವನ್ನು ಬಿಗಿಸುತ್ತದೆ, ಹೊಲಿದ ಜಾಗ ಮಾಯುವುದನ್ನು ತಡಮಾಡುತ್ತದೆ. ಬಿಡಲು ಒಂದು ತಿಂಗಳು ಸಿಕ್ಕರೆ ಬಹಳ ಒಳ್ಳೆಯದು, ಒಂದೇ ವಾರ ಸಿಕ್ಕರೂ ಬಿಡಬೇಕು.

ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಎದೆಯ ಗಾಯಕ್ಕೆ ಸೋಂಕು ತಗಲುವ ಸಂಭವ ಹೆಚ್ಚು. ಅದಕ್ಕೇ ಮೂರು ತಿಂಗಳ ಸರಾಸರಿ ಸಕ್ಕರೆ ನೋಡುತ್ತಾರೆ, ಆಸ್ಪತ್ರೆಯಲ್ಲಿ ಇನ್ಸುಲಿನ್ ಹಚ್ಚುತ್ತಾರೆ. ‘ಇನ್ಸುಲಿನ್‌ಗೆ ಬಂತು ಅಂದರೆ ಮುಗೀತು’ ಎಂದು ಅಳುವವರಿದ್ದಾರೆ. ಮೊದಲು ಮಾತ್ರೆಯಲ್ಲೇ ಇದ್ದ ಅನೇಕರಿಗೆ ಅದು ಆ ಕೆಲವು ದಿನದ ಮಟ್ಟಿಗೆ ಮಾತ್ರ. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯ. ಮೊದಲೇ ಪತ್ತೆಹಚ್ಚಿ ಕಬ್ಬಿಣಾಂಶ ಕೊಟ್ಟರೆ ಹೊರಗಿನ ರಕ್ತ ಕಡಿಮೆ ಸಾಕಾಗುತ್ತದೆ. ಹುಳುಕು ಹಲ್ಲಿದ್ದರೆ, ಮುಖ್ಯವಾಗಿ ಕವಾಟದ ಆಪರೇಷನ್ ಆಗುವವರು, ಮೊದಲೇ ತೋರಿಸಿಕೊಳ್ಳಬೇಕು. ಎದೆಯ ಮೇಲಿನ, ಕಾಲಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಿಕೊಂಡು ಹೋಗಬಾರದು. ಕಣ್ಣಿಗೆ ಕಾಣದ ಆ ಸಣ್ಣ ಗೀರುಗಳೇ ಸೋಂಕಿಗೆ ದಾರಿ.

ಇನ್ನು ಉಸಿರು. ಪ್ಲಾಸ್ಟಿಕ್ಕಿನ ಪುಟ್ಟ ಪೆಟ್ಟಿಗೆಯಲ್ಲಿ ಮೂರು ಚೆಂಡುಗಳಿರುವ ಉಪಕರಣವೊಂದನ್ನು ಕೊಡುತ್ತಾರೆ. ನೂರಾರು ರೂಪಾಯಿಯ ಆ ವಸ್ತು ಲಕ್ಷಗಟ್ಟಲೆಯ ಆಪರೇಷನ್ ಕಾಯುತ್ತದೆ ಎಂದರೆ ಹೆಚ್ಚಾಗಲಾರದು. ಆದರೆ ಬಹಳ ಜನ ಅದಕ್ಕೆ ಊದುತ್ತಾರೆ. ಊದುವುದಲ್ಲ, ಉಸಿರನ್ನು ನಿಧಾನವಾಗಿ ಒಳಕ್ಕೆಳೆದು ಚೆಂಡನ್ನು ಮೇಲೇರಿಸಿ, ಕೆಲವು ಕ್ಷಣ ಹಾಗೇ ಹಿಡಿದಿಡಬೇಕು. ಎದೆ ಕೊಯ್ದ ಮೇಲೆ ನೋವಿಗೆ ಹೆದರಿ ಎಲ್ಲರೂ ಮೇಲುಸಿರು ಬಿಡುತ್ತಾರೆ. ಶ್ವಾಸಕೋಶದ ತಳಭಾಗ ಮುದುಡಿಕೊಳ್ಳುತ್ತದೆ, ಕಫ ಕಟ್ಟುತ್ತದೆ, ನ್ಯುಮೋನಿಯಾ ಆಗುತ್ತದೆ. ನೋವಿಲ್ಲದಿರುವಾಗಲೇ ಈ ಅಭ್ಯಾಸ ಮಾಡಿಕೊಂಡವರಿಗೆ ನೋವಿದ್ದಾಗಲೂ ಕೈಗೂಡುತ್ತದೆ. ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮುವುದನ್ನೂ ಮೊದಲೇ ಕಲಿತಿರಬೇಕು.

ಇವೆಲ್ಲ ಹೇಳಿದರೆ ಮಾಡುವ ಕೆಲಸಗಳು. ಕಷ್ಟವಾಗುವುದು ಇನ್ನೊಂದು. ನಮ್ಮ ಮನೆಗಳಲ್ಲಿ ರೋಗಿಗೆ ನಿಜ ಹೇಳುವುದಿಲ್ಲ. ‘ಅಪ್ಪನಿಗೆ ಗೊತ್ತಾದರೆ ಗಾಬರಿಯಾಗುತ್ತಾರೆ, ಸಣ್ಣದೊಂದು ಆಪರೇಷನ್ ಅಂತ ಹೇಳಿದ್ದೀವಿ’ ಎಂದು ಮಕ್ಕಳು ಡಾಕ್ಟರ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಸಂಶಯವಿಲ್ಲ. ಆದರೆ ಅದರ ಫಲ ಉಣ್ಣುವವರು ಅಪ್ಪ. ಐಸಿಯುನಲ್ಲಿ ಕಣ್ಣು ಬಿಟ್ಟಾಗ ಗಂಟಲಲ್ಲಿ ಕೊಳವೆ, ಮಾತು ಹೊರಡುವುದಿಲ್ಲ. ಎದೆಯಿಂದ ಎರಡು ಮೂರು ನಳಿಗೆ ಇಳಿಬಿದ್ದಿವೆ. ಕೊಳವೆ ಕಿತ್ತುಕೊಳ್ಳದಿರಲೆಂದು ಕೈಗಳನ್ನು ಮೆತ್ತಗೆ ಮಂಚಕ್ಕೆ ಕಟ್ಟಿರಬಹುದು. ಹಗಲೋ ರಾತ್ರಿಯೋ ಗೊತ್ತಾಗದ ಬೆಳಕು, ಬಿಡದೆ ಕೂಗುವ ಯಂತ್ರ. ಇದೆಲ್ಲ ಹೀಗಿರುತ್ತದೆ, ಕೆಲವು ಗಂಟೆಯಲ್ಲಿ ಗಂಟಲ ಕೊಳವೆ ತೆಗೆಯುತ್ತಾರೆ, ಒಂದೆರಡು ದಿನದಲ್ಲಿ ಎದೆಯ ನಳಿಗೆಯೂ ಹೋಗುತ್ತದೆ ಎಂದು ಮೊದಲೇ ತಿಳಿದವರು ತಡೆದುಕೊಳ್ಳುತ್ತಾರೆ. ‘ಸಣ್ಣ ಆಪರೇಷನ್’ ಎಂದು ನಂಬಿ ಒಳಹೋದವರು ತಮಗೇನೋ ಅನಾಹುತವಾಗಿದೆ ಎಂದೇ ತಿಳಿಯುತ್ತಾರೆ. ಹೇಳಬೇಕು. ಹಿರಿಯರಿಗೆ ಅರ್ಥವಾಗುವ ಮಾತಿನಲ್ಲಿ, ಅವಸರವಿಲ್ಲದೆ, ಪಕ್ಕದಲ್ಲಿ ಕೂತು ಹೇಳಬೇಕು. ಸಮ್ಮತಿ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳುವುದು ರೋಗಿಯ ಹಕ್ಕು. ‘ನನ್ನ ವಯಸ್ಸಿಗೆ, ನನ್ನ ಕಿಡ್ನಿಗೆ, ಅಪಾಯ ಎಷ್ಟು?’ ಎಂಬ ಪ್ರಶ್ನೆಗೂ ನೇರ ಉತ್ತರ ಪಡೆಯಬೇಕು.

ವಯಸ್ಸಾದವರಲ್ಲಿ ಆಪರೇಷನ್ ಆಗಿ ಎರಡು ಮೂರನೆಯ ದಿನಕ್ಕೆ ಕೆಲವರು ಬೇರೆಯೇ ಮನುಷ್ಯರಾಗಿಬಿಡುತ್ತಾರೆ. ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎನ್ನುತ್ತಾರೆ, ತೀರಿಕೊಂಡ ಅಣ್ಣನ ಜೊತೆ ಮಾತಾಡುತ್ತಾರೆ, ನರ್ಸ್ ತನಗೆ ವಿಷ ಕೊಡುತ್ತಿದ್ದಾಳೆ ಎಂದು ಕಿರುಚುತ್ತಾರೆ. ಮನೆಯವರು ಕಂಗಾಲಾಗುತ್ತಾರೆ, ಕೆಲವರು ಹರಕೆ ಹೊರುತ್ತಾರೆ. ಇದು ಹುಚ್ಚಲ್ಲ, ಗಾಳಿಯೂ ಅಲ್ಲ. ಅರಿವಳಿಕೆ, ನಿದ್ದೆಗೆಡುವುದು, ನೋವು ಮತ್ತು ಔಷಧಗಳು ಸೇರಿ ಮಿದುಳನ್ನು ತಾತ್ಕಾಲಿಕವಾಗಿ ಗೊಂದಲಕ್ಕೆ ತಳ್ಳುತ್ತವೆ. ಬಹುಪಾಲು ಕೆಲವೇ ದಿನಗಳಲ್ಲಿ ತಿಳಿಯಾಗುತ್ತದೆ. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಇವನ್ನು ಆದಷ್ಟು ಬೇಗ ಹಾಕಿಸಿದರೆ ಅರ್ಧ ಗೊಂದಲ ಹೋಗುತ್ತದೆ. ನಮ್ಮ ದೊಡ್ಡ ಆಸ್ಪತ್ರೆಗಳ ನರ್ಸ್‌ಗಳಲ್ಲಿ ಅನೇಕರು ಹೊರ ರಾಜ್ಯದವರು. ಹಳ್ಳಿಯ ಅಜ್ಜಿಗೆ ಆ ಹೊತ್ತಿನಲ್ಲಿ ತನ್ನ ಮನೆಯ ಮಾತಿನ ಒಂದು ದನಿ ಕೇಳಿಸಬೇಕು. ಭೇಟಿಯ ಐದು ನಿಮಿಷದಲ್ಲಿ ಮಗ ಅಳುತ್ತ ನಿಲ್ಲುವ ಬದಲು, ‘ಅಮ್ಮ, ಇವತ್ತು ಮಂಗಳವಾರ, ಬೆಳಗಿನ ಹತ್ತು ಗಂಟೆ, ಆಪರೇಷನ್ ಚೆನ್ನಾಗಾಗಿದೆ, ಎಮ್ಮೆ ಕರೆದಾಯ್ತು’ ಎಂದರೆ ಅದೂ ಒಂದು ಚಿಕಿತ್ಸೆ.

ಇದೇ ದಿನಗಳಲ್ಲಿ ಎದೆಬಡಿತ ತಾಳ ತಪ್ಪುವುದೂ ಇದೆ. ನೂರರಲ್ಲಿ 20ರಿಂದ 40 ಜನರಿಗೆ ಆಗುವಂಥದ್ದು. ಔಷಧದಲ್ಲಿ ಹೆಚ್ಚಾಗಿ ಹತೋಟಿಗೆ ಬರುತ್ತದೆ. ‘ಮತ್ತೆ ಐಸಿಯುಗೆ ಹಾಕಿದರು’ ಎಂದ ಮಾತ್ರಕ್ಕೆ ಆಪರೇಷನ್ ಕೆಟ್ಟಿತು ಎಂದು ಊರಿಗೆಲ್ಲ ಫೋನ್ ಮಾಡಬೇಕಾಗಿಲ್ಲ.

ಐದು, ಆರು, ಏಳು ದಿನಕ್ಕೆ ಡಿಸ್ಚಾರ್ಜ್. ದೂರದ ಊರಿಗೆ ಕಾರಿನಲ್ಲಿ ಹೊರಟರೆ ಗಂಟೆಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಬೇಕು, ಸೀಟ್ ಬೆಲ್ಟ್ ಮತ್ತು ಎದೆಯ ನಡುವೆ ದಿಂಬಿಡಬೇಕು, ಬೆಲ್ಟ್ ಮಾತ್ರ ಬಿಡಬಾರದು.

ಮನೆ ತಲುಪಿದ ಮೇಲೆ ನಮ್ಮವರು ರೋಗಿಯನ್ನು ಬಾಣಂತಿಯಂತೆ ಕತ್ತಲೆ ಕೋಣೆಯಲ್ಲಿ ಮಲಗಿಸಿ, ತುಪ್ಪ ಬಡಿಸಿ, ನೆಲಕ್ಕೆ ಕಾಲಿಡಗೊಡದೆ ಸಾಕತೊಡಗುತ್ತಾರೆ. ಬೈಪಾಸ್ ಆದವರಿಗೆ ಇದಕ್ಕಿಂತ ಕೆಟ್ಟ ಆರೈಕೆ ಇಲ್ಲ. ಮಲಗಿದಷ್ಟೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ, ಶ್ವಾಸಕೋಶದಲ್ಲಿ ಕಫ ತುಂಬುವ, ಮಾಂಸಖಂಡ ಸೊರಗುವ ಅಪಾಯ ಏರುತ್ತದೆ. ಮೊದಲ ವಾರ ಮನೆಯೊಳಗೇ ಐದೈದು ನಿಮಿಷ, ದಿನಕ್ಕೆ ನಾಲ್ಕಾರು ಸಲ ನಡೆಯಲಿ. ಪ್ರತಿ ವಾರವೂ ಸ್ವಲ್ಪ ಸ್ವಲ್ಪ ಏರಿಸುತ್ತ ಹೋದರೆ ಆರು ವಾರದ ಹೊತ್ತಿಗೆ ಒಂದೇ ಬಾರಿಗೆ ಅರ್ಧ ಗಂಟೆ ನಡೆಯಬಲ್ಲರು. ನಡೆಯುತ್ತ ಪಕ್ಕದವರ ಜೊತೆ ಮಾತಾಡಲು ಆಗುತ್ತಿರಬೇಕು. ಮಾತು ತುಂಡಾದರೆ ನಡಿಗೆ ಹೆಚ್ಚಾಯಿತೆಂದು ಅರ್ಥ. ಊಟವಾದ ಕೂಡಲೇ ಬೇಡ, ಉರಿಬಿಸಿಲಿನಲ್ಲಿ ಬೇಡ.

ನಡಿಗೆಗೆ ಧಾರಾಳವಾಗಿರಬೇಕು, ತೋಳಿಗೆ ಕಂಜೂಸಾಗಿರಬೇಕು. ಸೀಳಿದ ಎದೆಮೂಳೆ ಗಟ್ಟಿಯಾಗಿ ಕೂಡಲು ಆರರಿಂದ ಎಂಟು ವಾರ, ಪೂರ್ತಿ ಬಲ ಬರಲು ಸುಮಾರು ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ಮೂರು ನಾಲ್ಕು ಕಿಲೋ ಮೀರಿದ್ದನ್ನು ಎತ್ತಬಾರದು ಎಂಬುದು ಸಾಮಾನ್ಯ ಕಟ್ಟಳೆ. ಒಂದು ಸೀನು ಎದೆಮೂಳೆಯ ಮೇಲೆ ಹಾಕುವ ಬಲವೇ ಸಣ್ಣ ಚೀಲ ಎತ್ತುವಾಗಿನ ಬಲಕ್ಕಿಂತ ಹೆಚ್ಚು ಎಂದು ಕಂಡುಕೊಂಡ ಮೇಲೆ, ತೂಕಕ್ಕಿಂತ ತೋಳಿನ ಭಂಗಿಯೇ ಮುಖ್ಯ ಎಂದು ಈಚೆಗೆ ಕೆಲವು ತಜ್ಞರು ಹೇಳುತ್ತಿದ್ದಾರೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಮಾಡುವ ಕೆಲಸ ಮೂಳೆಗೆ ಅಷ್ಟು ಭಾರವಲ್ಲ. ತೋಳನ್ನು ಉದ್ದಕ್ಕೆ ಚಾಚಿ ಎಳೆಯುವುದು, ನೂಕುವುದು, ಹಿಂದಕ್ಕೆ ತಿರುಗಿಸುವುದು ಭಾರ. ಹಾಸಿಗೆಯಿಂದ ಏಳುವಾಗ ಕೈಯೂರಿ ಮೇಲೇಳುವುದು, ಮನೆಯವರು ಕಂಕುಳಿಗೆ ಕೈಹಾಕಿ ಎಬ್ಬಿಸುವುದು ಎರಡೂ ತಪ್ಪು. ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಸಿ, ಆ ಕಾಲಿನ ಭಾರದಲ್ಲೇ ಮೈ ಎತ್ತಬೇಕು. ನೆಲದ ಮೇಲೆ ಚಾಪೆಯಲ್ಲಿ ಮಲಗುವ, ಚಕ್ಕಳಮಕ್ಕಳ ಹಾಕಿ ಉಣ್ಣುವ ರೂಢಿಯನ್ನು ಮೂರು ತಿಂಗಳು ಬಿಡಬೇಕು, ಯಾಕೆಂದರೆ ನೆಲದಿಂದ ಏಳಲು ಕೈಯೂರಲೇಬೇಕು. ಕುಕ್ಕರುಗಾಲಿನ ಕಕ್ಕಸು ಮಾತ್ರ ಇರುವ ಮನೆಯಲ್ಲಿ ಅದರ ಮೇಲಿಡುವ, ನಡುವೆ ತೂತಿರುವ ಕುರ್ಚಿಯನ್ನು ಆಪರೇಷನ್‌ಗೆ ಮೊದಲೇ ತಂದಿಟ್ಟಿರಬೇಕು. ಸ್ಕೂಟರ್, ಬೈಕು ಮೂರು ತಿಂಗಳು ಮುಟ್ಟಬಾರದು.

ಎದೆಯ ಎಡಭಾಗ ಜೋಮು ಹಿಡಿದಂತಿರುವುದು, ರಕ್ತನಾಳ ತೆಗೆದ ಕಾಲು ಸಂಜೆಯ ಹೊತ್ತಿಗೆ ಊದುವುದು, ನಾಲಿಗೆಗೆ ರುಚಿ ಹತ್ತದಿರುವುದು, ನಿದ್ದೆ ಚೂರುಚೂರಾಗುವುದು ಇವೆಲ್ಲ ನಿರೀಕ್ಷಿತ. ಕೂತಾಗ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡರೆ ಊತ ಇಳಿಯುತ್ತದೆ. ಆದರೆ ಗಾಯದಿಂದ ಕೀವು ಅಥವಾ ನೀರು ಸೋರಿದರೆ, ಸುತ್ತ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಮಗ್ಗುಲಾಗುವಾಗ ಎದೆಮೂಳೆ ‘ಕಟಕಟ’ ಎಂದರೆ, ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಅರಿಶಿನ ಮೆತ್ತುವುದು, ಕೊಬ್ಬರಿ ಎಣ್ಣೆ ಹಚ್ಚುವುದು ಬೇಡ. ಡಾಕ್ಟರು ಅನುಮತಿ ಕೊಟ್ಟ ಮೇಲೆ ಸೋಪು ನೀರಿನಲ್ಲಿ ಮೆಲ್ಲಗೆ ತೊಳೆದು ಒರೆಸಿದರೆ ಸಾಕು.

ಊಟದ ವಿಷಯದಲ್ಲಿ ಮೊದಲ ಎರಡು ಮೂರು ವಾರ ಕಟ್ಟುನಿಟ್ಟು ಮಾಡಿ ಹಸಿವೆಯಲ್ಲಿಡುವುದು ಬೇಡ. ಗಾಯ ಮಾಯಲು ಪ್ರೋಟೀನ್ ಬೇಕು. ಹೆಸರುಕಾಳು, ತೊಗರಿ ಕಟ್ಟು, ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ, ಮೀನು, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬಹುದು. ರಾಗಿಮುದ್ದೆಗೆ ಯಾವ ತಕರಾರೂ ಇಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮಾತ್ರ ದೂರವಿರಲಿ, ಉಪ್ಪು ಮೈಯಲ್ಲಿ ನೀರು ನಿಲ್ಲಿಸುತ್ತದೆ. ನೋವಿನ ಮಾತ್ರೆಗಳಿಂದ ಮಲಬದ್ಧತೆ ಆಗುತ್ತದೆ, ತಿಣುಕುವುದು ಒಳ್ಳೆಯದಲ್ಲ, ಸಂಕೋಚ ಬಿಟ್ಟು ಅದಕ್ಕೂ ಔಷಧ ಕೇಳಬೇಕು. ನೋಡಲು ಬಂದವರೆಲ್ಲ ಎಳನೀರು ತರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಬಿಪಿಯ ಕೆಲವು ಮಾತ್ರೆ ತಿನ್ನುವವರಿಗೆ, ಕಿಡ್ನಿ ಸೊರಗಿದವರಿಗೆ ದಿನಕ್ಕೆ ನಾಲ್ಕು ಎಳನೀರು ಕುಡಿಸಿದರೆ ಹೃದಯದ ಬಡಿತಕ್ಕೇ ತೊಂದರೆ. ಕೇಳಿ ಕುಡಿಸಬೇಕು. ನೋಡಲು ಬರುವವರ ಬಗ್ಗೆಯೂ ಒಂದು ಮಾತು. ಮೊದಲ ಎರಡು ವಾರ ಫೋನಿನಲ್ಲೇ ವಿಚಾರಿಸಿಕೊಂಡರೆ ಅದೇ ದೊಡ್ಡ ಉಪಕಾರ. ಬಂದು ಕೂತು, ‘ನಮ್ಮ ಭಾವನಿಗೂ ಹೀಗೇ ಆಗಿತ್ತು, ಆರು ತಿಂಗಳೂ ಬಾಳಲಿಲ್ಲ’ ಎನ್ನುವವರನ್ನು ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸುವ ಧೈರ್ಯ ಮನೆಯಲ್ಲಿ ಯಾರಿಗಾದರೂ ಇರಬೇಕು.

ಇಷ್ಟು ಹೊತ್ತು ಬರೆದದ್ದೆಲ್ಲ, ಆರೈಕೆ ಮಾಡಲು ಮನೆಯಲ್ಲಿ ಹೆಂಡತಿ, ಸೊಸೆ, ಮಗಳು ಇದ್ದಾರೆ ಎಂದುಕೊಂಡು ಬರೆದದ್ದು. ಆಪರೇಷನ್ ಆದವಳು ಅವಳೇ ಆದರೆ? ಹೆಂಗಸರಿಗೆ ಎದೆನೋವು ಬಂದರೆ ಗ್ಯಾಸ್ಟ್ರಿಕ್ ಎಂದು ದಿನ ತಳ್ಳುವುದು ಮೊದಲ ಅನ್ಯಾಯ. ಎರಡನೆಯದು ಆಪರೇಷನ್ ಆದ ಮೇಲೆ. ಗಂಡಸಿಗೆ ಮೂರು ತಿಂಗಳು ರಜೆ, ಹೆಂಗಸಿಗೆ ಮೂರು ವಾರಕ್ಕೆ ಅಡುಗೆಮನೆ. ಯಾರೂ ಬಲವಂತ ಮಾಡುವುದಿಲ್ಲ, ಅವಳೇ ಎದ್ದು ಹೋಗುತ್ತಾಳೆ, ಯಾಕೆಂದರೆ ಹೋಗದಿದ್ದರೆ ಒಲೆ ಉರಿಯುವುದಿಲ್ಲ. ತುಂಬಿದ ಬಿಂದಿಗೆ, ಬಾವಿಯ ಹಗ್ಗ, ಒದ್ದೆ ಸೀರೆ ಹಿಂಡುವುದು, ಮುದ್ದೆ ತೊಳಸುವುದು, ಕುಕ್ಕರ್ ಇಳಿಸುವುದು, ಅಳುವ ಮೊಮ್ಮಗುವನ್ನು ಎತ್ತಿಕೊಳ್ಳುವುದು, ಗ್ಯಾಸ್ ಸಿಲಿಂಡರ್ ಉರುಳಿಸುವುದು, ಇದರಲ್ಲಿ ಒಂದೊಂದೂ ಕೂಡುತ್ತಿರುವ ಎದೆಮೂಳೆಯನ್ನು ಎರಡು ಕಡೆಗೆ ಎಳೆಯುವ ಕೆಲಸ. ಮಕ್ಕಳು ಡಿಸ್ಚಾರ್ಜ್ ದಿನವೇ ಕೂತು, ಹನ್ನೆರಡು ವಾರ ನೀರು ತರುವವರು ಯಾರು, ಬಟ್ಟೆ ಒಗೆಯುವವರು ಯಾರು, ಮುದ್ದೆ ತೊಳಸುವವರು ಯಾರು ಎಂದು ಹೆಸರು ಹಿಡಿದು ಗೊತ್ತುಮಾಡಬೇಕು. ‘ಅಮ್ಮ, ನೀನು ರೆಸ್ಟ್ ತಗೋ’ ಎಂದು ಹೇಳಿ ಆಫೀಸಿಗೆ ಹೊರಟರೆ ಅದು ಆರೈಕೆಯಲ್ಲ. ಇನ್ನೊಂದು ವಿಷಯವನ್ನು ಯಾರೂ ಹೇಳಿಕೊಡುವುದಿಲ್ಲ. ಮೊಲೆಗಳ ಭಾರ ಹೊಲಿಗೆಯನ್ನು ಅಕ್ಕಪಕ್ಕಕ್ಕೆ ಜಗ್ಗುತ್ತದೆ. ಮುಂದಿನಿಂದ ಹಾಕಿಕೊಳ್ಳುವ, ತಂತಿಯಿಲ್ಲದ, ಮೆತ್ತನೆಯ ಒಳಉಡುಪು ಮೊದಲ ವಾರದಿಂದಲೇ ಬೇಕು.

ದೇಹ ಚೇತರಿಸಿಕೊಳ್ಳುತ್ತಿರುವಾಗಲೇ ಮನಸ್ಸು ಕುಸಿಯುವುದು ಈ ಆಪರೇಷನ್ನಿನ ಇನ್ನೊಂದು ಮುಖ. ಎಂದೂ ಅಳದ ಗಂಡಸು ಟಿವಿಯಲ್ಲಿ ಸಣ್ಣ ದೃಶ್ಯ ನೋಡಿ ಅಳುತ್ತಾನೆ. ಸಣ್ಣ ಮಾತಿಗೆ ಸಿಡುಕುತ್ತಾನೆ, ಲೆಕ್ಕ ಮರೆಯುತ್ತಾನೆ, ಇನ್ನು ನಾನು ಮನೆಗೆ ಭಾರ ಎನ್ನುತ್ತಾನೆ. ಮೊದಲ ಕೆಲವು ವಾರ ಇದು ಸಾಮಾನ್ಯ, ತಾನಾಗಿ ತಿಳಿಯಾಗುವುದೇ ಹೆಚ್ಚು. ಆರು ವಾರ ಕಳೆದರೂ ಬಿಡದಿದ್ದರೆ, ಊಟ ನಿದ್ದೆ ಸೇರದಿದ್ದರೆ, ಅದನ್ನು ಡಾಕ್ಟರಿಗೆ ಹೇಳಲೇಬೇಕು. ಖಿನ್ನತೆ ಹಿಡಿದವರು ನಡೆಯುವುದಿಲ್ಲ, ಮಾತ್ರೆ ನುಂಗುವುದಿಲ್ಲ, ಅವರ ಹೃದಯಕ್ಕೂ ಅದು ಕೆಡುಕು. ಗಂಡ-ಹೆಂಡಿರ ನಡುವಿನ ಒಡನಾಟ ಮತ್ತೆ ಯಾವಾಗ ಎಂಬುದು ಮನಸ್ಸಿನಲ್ಲೇ ಉಳಿಯುವ ಪ್ರಶ್ನೆ. ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಹತ್ತಬಲ್ಲವರಿಗೆ ಆರೆಂಟು ವಾರದ ನಂತರ ಭಯಪಡುವ ಕಾರಣವಿಲ್ಲ, ಎದೆಯ ಮೇಲೆ ಭಾರ ಬೀಳದಿದ್ದರೆ ಸರಿ.

ಹೃದ್ರೋಗಿಗಳಿಗೆ ವ್ಯಾಯಾಮ, ಆಹಾರ, ಮನಸ್ಸು ಎಲ್ಲವನ್ನೂ ಕೂಡಿಸಿ ತರಬೇತಿ ಕೊಡುವ ಪುನಶ್ಚೇತನ ಕೇಂದ್ರಗಳು ನಮ್ಮಲ್ಲಿ ದೊಡ್ಡ ನಗರ ಬಿಟ್ಟರೆ ಇಲ್ಲವೆನ್ನುವಷ್ಟು ಕಡಿಮೆ. ಯೋಗ ಆ ಜಾಗ ತುಂಬಬಲ್ಲದೇ ಎಂದು ಭಾರತದ 24 ಆಸ್ಪತ್ರೆಗಳಲ್ಲಿ, ಹೃದಯಾಘಾತವಾದ 3959 ಜನರ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಮತ್ತೆ ಹೃದಯಾಘಾತ, ಸಾವು ಇಂಥವು ಕಡಿಮೆಯಾದವೆಂದು ಅದು ಸಾಬೀತು ಮಾಡಲಿಲ್ಲ. ಆದರೆ ಯೋಗ ಮಾಡಿದವರು ತಮ್ಮ ಆರೋಗ್ಯ ಉತ್ತಮವಾಗಿದೆ ಎಂದರು, ಹಳೆಯ ಚಟುವಟಿಕೆಗಳಿಗೆ ಹೆಚ್ಚು ಮರಳಿದರು. ಬೈಪಾಸ್ ಆದವರಿಗೆ ಸರಳ ಪ್ರಾಣಾಯಾಮ ಬೇಗನೆ ಶುರುವಾಗಬಹುದು, ಉಸಿರು ಕಟ್ಟಿ ಹಿಡಿಯುವುದು ಮತ್ತು ಕೈಮೇಲೆ ಮೈಭಾರ ಹಾಕುವ ಆಸನಗಳು ಮೂಳೆ ಕೂಡುವ ತನಕ ಬೇಡ.

ಕವಾಟ ಬದಲಿಸಿಕೊಂಡವರ ಪಾಡು ಸ್ವಲ್ಪ ಬೇರೆ. ಬಾಲ್ಯದ ಗಂಟಲು ಬೇನೆಯಿಂದ ಶುರುವಾಗುವ ಸಂಧಿವಾತ ಜ್ವರ ಹೃದಯದ ಕವಾಟ ಕೆಡಿಸಿದಾಗ ಈ ಆಪರೇಷನ್ ಆಗುವವರಲ್ಲಿ ಹರೆಯದವರೂ ಇದ್ದಾರೆ, ಅದರಲ್ಲೂ ಬಡ ಹೆಣ್ಣುಮಕ್ಕಳು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ನಮ್ಮಲ್ಲೇ ರೂಪಿಸಿದ ಕೃತಕ ಕವಾಟವನ್ನು ಮೊದಲ ಸಲ ಜೋಡಿಸಿದ್ದು 1990ರ ಡಿಸೆಂಬರಿನಲ್ಲಿ. ಆಮದಿನ ದುಬಾರಿ ಕವಾಟ ಕೊಳ್ಳಲಾಗದವರಿಗೆ ಅದು ದೊಡ್ಡ ಆಸರೆಯಾಯಿತು. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯನ್ನು ಜೀವನವಿಡೀ ತೆಗೆದುಕೊಳ್ಳಬೇಕು, ಐಎನ್ಆರ್ ಎಂಬ ರಕ್ತಪರೀಕ್ಷೆಯನ್ನು ಬಿಡದೆ ಮಾಡಿಸಬೇಕು. ಈ ಮಾತ್ರೆ ನುಂಗುವಾಗ ಸೊಪ್ಪು ತಿನ್ನಬಾರದು ಎಂದು ಹಲವರು ಪೂರ್ತಿ ಬಿಟ್ಟುಬಿಡುತ್ತಾರೆ, ಅದು ಬೇಕಿಲ್ಲ. ಒಂದು ವಾರ ದಿನವೂ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಎಂದಾಗಬಾರದು, ಅಷ್ಟೇ. ವಾರದಿಂದ ವಾರಕ್ಕೆ ಒಂದೇ ಅಳತೆಯಲ್ಲಿದ್ದರೆ ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸಬಹುದು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮೊದಲೇ ಹೃದ್ರೋಗ ತಜ್ಞರನ್ನು ಕಾಣಬೇಕು. ವಾರ್ಫರಿನ್ ಮಗುವಿಗೆ ಅಪಾಯಕಾರಿ, ಹಾಗೆಂದು ತಾವಾಗಿ ನಿಲ್ಲಿಸಿದರೆ ತಾಯಿಗೆ ಅಪಾಯ.

ಬೈಪಾಸ್ ಆದವರಲ್ಲಿ ಒಂದು ವರ್ಷ ಕಳೆದ ಮೇಲೆ ಕಾಣುವ ಅತಿ ದೊಡ್ಡ ತಪ್ಪು ಮಾತ್ರೆ ನಿಲ್ಲಿಸುವುದು. ‘ಆಪರೇಷನ್ ಆಗಿದೆಯಲ್ಲ, ಇನ್ನೇಕೆ?’ ಆಪರೇಷನ್ ರಕ್ತಕ್ಕೆ ಬೇರೆ ದಾರಿ ಮಾಡಿಕೊಟ್ಟಿದೆ, ರಕ್ತನಾಳದಲ್ಲಿ ಕೊಬ್ಬು ಕಟ್ಟಿಸಿದ ಕಾಯಿಲೆಯನ್ನು ಅದು ಮುಟ್ಟಿಯೇ ಇಲ್ಲ. ಎದೆಗೋಡೆಯಿಂದ ತಂದು ಜೋಡಿಸಿದ ಅಪಧಮನಿ ಹತ್ತು ವರ್ಷದ ನಂತರವೂ ನೂರಕ್ಕೆ ತೊಂಬತ್ತು ಜನರಲ್ಲಿ ತೆರೆದೇ ಇರುತ್ತದೆ. ಕಾಲಿನಿಂದ ತೆಗೆದ ನಾಳಗಳಲ್ಲಿ ಅಷ್ಟರೊಳಗೆ ಸುಮಾರು ಅರ್ಧದಷ್ಟು ಮುಚ್ಚಿಹೋಗುತ್ತವೆ. ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮತ್ತು ಹೊಗೆಸೊಪ್ಪಿನಿಂದ ದೂರವಿರುವುದು ಈ ಅರ್ಧವನ್ನು ಕಡಿಮೆ ಮಾಡುವ ಸಾಧನಗಳು. ತಿಂಗಳ ಮಾತ್ರೆಗೆ ದುಡ್ಡಿಲ್ಲದಾಗ ಎರಡು ದಿನಕ್ಕೊಂದು ನುಂಗುವವರಿದ್ದಾರೆ. ಅಂಥವರು ಜನೌಷಧಿ ಅಂಗಡಿಯಲ್ಲಿ ಇದೇ ಮಾತ್ರೆಗಳನ್ನು ಬಹಳ ಕಡಿಮೆ ದರಕ್ಕೆ ಕೊಳ್ಳಬಹುದು. ಡಿಸ್ಚಾರ್ಜ್ ಸಾರಾಂಶದ ಎಲ್ಲ ಪುಟಗಳ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ. ಯಾವ ನಾಳವನ್ನು ಎಲ್ಲಿಗೆ ಜೋಡಿಸಿದ್ದಾರೆ ಎಂಬುದು ಮುಂದೆ ಯಾವ ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗಾದರೂ ಬೇಕಾಗುತ್ತದೆ.

ಮತ್ತೊಂದು ಕೆಲಸವಿದೆ, ಅದು ರೋಗಿಯದಲ್ಲ. ಅಪ್ಪನಿಗೋ ಅಣ್ಣನಿಗೋ 55ರೊಳಗೆ, ಅಮ್ಮನಿಗೋ ಅಕ್ಕನಿಗೋ 65ರೊಳಗೆ ಹೃದ್ರೋಗ ಬಂದಿದ್ದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಅಪಾಯ ಹೆಚ್ಚು. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ 52 ದೇಶಗಳ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ನಡು ವಯಸ್ಸು 53, ಉಳಿದ ದೇಶದವರಿಗಿಂತ ಐದಾರು ವರ್ಷ ಮುಂಚೆ. ಆಪರೇಷನ್ ಆದವರ ಸುತ್ತ ಓಡಾಡುವ ಮೂವತ್ತು ನಲವತ್ತರ ಮಕ್ಕಳು ತಮ್ಮ ಬಿಪಿ, ಸಕ್ಕರೆ, ಕೊಲೆಸ್ಟ್ರಾಲನ್ನು ಒಮ್ಮೆಯೂ ನೋಡಿಸಿಕೊಂಡಿರುವುದಿಲ್ಲ. ಅಪ್ಪನನ್ನು ಮೊದಲ ತಪಾಸಣೆಗೆ ಕರೆದುಕೊಂಡು ಹೋಗುವ ದಿನ ತಿಂಡಿ ತಿನ್ನದೆ ಹೊರಟು, ಅದೇ ಲ್ಯಾಬಿನಲ್ಲಿ ತಾವೂ ರಕ್ತ ಕೊಟ್ಟು ಬರಬಹುದು.